ಬಿನಾಕಾ ಪ್ರಾಣಿ, ಬಿಗ್ ಫನ್ ಚೀಟಿ, ಬೀಡಿ ಲೇಬಲ್: ಕಾಸರಗೋಡಿನವರೇ, ನಿಮ್ಮ ಬಳಿ ಏನು ಉಳಿದಿದೆ?

ನೀರ್ಚಾಲಿನವ:

ಬಿನಾಕಾ ಟೂತ್‌ಪೇಸ್ಟಿನ ಪೆಟ್ಟಿಗೆಯಲ್ಲಿ ಬರುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಪ್ರಾಣಿಗಳು, ಬಿಗ್ ಫನ್ ಬಬಲ್‌ಗಮ್ಮಿನ ಕ್ರಿಕೆಟ್ ಚೀಟಿಗಳು, ಕುಸ್ತಿಪಟುಗಳ ಟ್ರಂಪ್ ಕಾರ್ಡು, ಚೀಟೋಸ್ ತಿಂಡಿ ಪೊಟ್ಟಣದ ಟ್ಯಾಜೋ ಬಿಲ್ಲೆ, ಬೆಂಕಿಪೆಟ್ಟಿಗೆಯ ಚಿತ್ರ, ಬೀಡಿ ಕಟ್ಟಿನ ಲೇಬಲ್. ಮಂಜೇಶ್ವರದಿಂದ ಮುಳ್ಳೇರಿಯದವರೆಗಿನ ಕನ್ನಡಿಗರಲ್ಲಿ ಯಾರ ಮನೆಯ ಅಟ್ಟದಲ್ಲಿ ಇವುಗಳಲ್ಲಿ ಯಾವುದು ಉಳಿದಿದೆ ಎಂದು ಒಂದೆಡೆ ಬರೆದಿಡೋಣ.

ಅಮೆರಿಕದಲ್ಲಿ ಇಂಥ ಸಂಗ್ರಹಕ್ಕೆ ನೂರು ವರ್ಷ ಮೀರಿದ ಚರಿತ್ರೆ ಇದೆ. ಕೆಲ್ಲಾಗ್ ಕಂಪನಿ 1909ರಲ್ಲಿ ಕಾರ್ನ್ ಫ್ಲೇಕ್ಸ್‌ನ ಎರಡು ಪೆಟ್ಟಿಗೆ ಕೊಂಡವರಿಗೆ, ಮಗುಚಿದಂತೆ ಪ್ರಾಣಿಗಳ ಚಿತ್ರ ಬದಲಾಗುವ ಪುಸ್ತಿಕೆಯೊಂದನ್ನು ಕೊಟ್ಟಿತು. 1945ರಲ್ಲಿ ಉಡುಗೊರೆ ಪೆಟ್ಟಿಗೆಯ ಒಳಗೇ ಬಂತು. ಅಲ್ಲಿನವರು ಪ್ರತಿಯೊಂದಕ್ಕೂ ಪಟ್ಟಿ ಮಾಡಿದ್ದಾರೆ, ಇಸವಿ ಗುರುತಿಸಿದ್ದಾರೆ. ನಮ್ಮಲ್ಲಿ ಬೆಳಗ್ಗೆ ಕುಚ್ಚಲಕ್ಕಿ ಗಂಜಿ, ಅವಲಕ್ಕಿ, ದೋಸೆ. ಕೆಲ್ಲಾಗ್ ಭಾರತಕ್ಕೆ ಬಂದದ್ದೇ 1994ರಲ್ಲಿ. ಹಾಗೆಂದು ನಮ್ಮ ಮಕ್ಕಳು ಏನನ್ನೂ ಕೂಡಿಡಲಿಲ್ಲ ಎಂದಲ್ಲ. ಹಲ್ಲುಜ್ಜುವ ಪೇಸ್ಟಿನಿಂದ ಬೀಡಿಯವರೆಗೆ ಸಿಕ್ಕಿದ್ದನ್ನೆಲ್ಲ ಕೂಡಿಟ್ಟರು. ಅದರ ಪಟ್ಟಿಯನ್ನು ಯಾರೂ ಮಾಡಿಲ್ಲ.

ನನ್ನ ಒಂದೇ ಕೋರಿಕೆ. ವಸ್ತುವಿನ ಚಿತ್ರ ಹಾಕುವುದರ ಜೊತೆಗೆ ಅದು ಯಾವ ಊರಿನ ಯಾವ ಅಂಗಡಿಯಿಂದ ಬಂತು, ಏನನ್ನು ಕೊಟ್ಟು ಬದಲಿಗೆ ಪಡೆದದ್ದು ಎಂಬುದನ್ನೂ ಬರೆಯಿರಿ. ಈ ವಿವರ ಇಲ್ಲದೆ ಹೋದರೆ ನಮ್ಮ ಚೀಟಿಗೂ ದೇಶದ ಇನ್ನೊಂದು ಮೂಲೆಯ ಚೀಟಿಗೂ ವ್ಯತ್ಯಾಸವೇ ಇರುವುದಿಲ್ಲ.

ಪೆರ್ಲದ ಅಕ್ಕ:

ಬಿನಾಕಾ ಪ್ರಾಣಿಗಳು ನನ್ನ ಬಳಿ ಇವೆ. ನಮ್ಮ ಮನೆಯಲ್ಲಿ ಎಲ್ಲರೂ ಹಲ್ಲುಜ್ಜುತ್ತಿದ್ದದ್ದು ಉಮಿಕರಿಯಲ್ಲಿ, ಇಲ್ಲವೇ ಮಾವಿನ ಎಲೆಯಲ್ಲಿ. ಪೇಸ್ಟು ತರುತ್ತಿದ್ದದ್ದು ಮಂಗಳೂರಿನಲ್ಲಿ ಕೆಲಸದಲ್ಲಿದ್ದ ಸೋದರಮಾವ ಮಾತ್ರ. ಅವರು ರಜೆಗೆ ಬಂದಾಗ ಪೇಸ್ಟು ಮುಗಿಯುವವರೆಗೆ ಕಾಯುವ ಪ್ರಮೇಯವೇ ಇರಲಿಲ್ಲ, ಪೆಟ್ಟಿಗೆ ತೆರೆದ ಕೂಡಲೇ ಪ್ರಾಣಿ ನಮ್ಮ ಕೈಯಲ್ಲಿ. ಬಿನಾಕಾ ಎಂದರೆ ದೊಡ್ಡವರಿಗೆ ಸಿಲೋನ್ ರೇಡಿಯೋದ ಗೀತಮಾಲಾ, ಅಮೀನ್ ಸಯಾನಿಯವರ ಧ್ವನಿ. ನಮಗೆ ಅದು ಆನೆ, ಒಂಟೆ, ಮೊಲ. ಮುಂದೆ ಹೆಸರು ಸಿಬಾಕಾ ಎಂದಾಯಿತು. ಮಾವನ ಮನೆಯಿಂದ ಬಂದ ಪ್ರಾಣಿಗಳನ್ನು ನಾವು ಅಕ್ಕತಂಗಿಯರು ಹಂಚಿಕೊಂಡಿದ್ದೆವು. ನನ್ನ ಪಾಲಿನವು ಕುಂಕುಮದ ಮರದ ಭರಣಿಯಲ್ಲಿ ಭದ್ರವಾಗಿವೆ.

ಉಪ್ಪಳ ಗೇಟ್:

ಅಕ್ಕಾ, ಒಂಟೆ ಎಂದಿರಿ, ಅದರ ಬಣ್ಣ ಯಾವುದು? ನನ್ನ ಬಳಿಯೂ ಒಂದಿದೆ, ಹಸಿರು.

ನೀರ್ಚಾಲಿನ ಅಣ್ಣ ಹೇಳಿದ ಕಾರ್ನ್ ಫ್ಲೇಕ್ಸ್ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. 1994ಕ್ಕಿಂತ ಮೊದಲೂ ಆ ಪೆಟ್ಟಿಗೆ ಉಪ್ಪಳ, ಕುಂಬಳೆ, ಕಾಸರಗೋಡಿನ ಅನೇಕ ಮನೆಗಳನ್ನು ತಲುಪಿತ್ತು. ಅದು ಅಂಗಡಿಯಿಂದ ಬರಲಿಲ್ಲ, ಗಲ್ಫ್‌ನಿಂದ ಬಂತು. ನನ್ನ ಬಾಪ ಶಾರ್ಜಾದಲ್ಲಿದ್ದರು. ಅವರು ಊರಿಗೆ ಬರುವಾಗ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಯಲ್ಲಿ ನಿಡೋ ಹಾಲಿನ ಪುಡಿಯ ಡಬ್ಬಿ, ಟ್ಯಾಂಗ್, ಸೆಂಟಿನ ಬಾಟಲಿ, ಅವುಗಳ ನಡುವೆ ಮಕ್ಕಳಿಗೆಂದು ಒಂದು ಸೀರಿಯಲ್ ಪೆಟ್ಟಿಗೆ. ಅದರೊಳಗೆ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಜೋಡಿಸುವ ಆಟಿಕೆ. ಮೇಲೆ ಅರಬ್ಬಿ ಅಕ್ಷರ. ಆ ತಿಂಡಿ ನಮಗೆ ಯಾರಿಗೂ ರುಚಿಸಲಿಲ್ಲ, ಅಜ್ಜಿ ಅದಕ್ಕೆ ಬೆಲ್ಲ, ತೆಂಗಿನ ತುರಿ ಹಾಕಿ ಅವಲಕ್ಕಿಯಂತೆ ಕಲಸಿ ಖಾಲಿ ಮಾಡಿಸಿದರು. ಆಟಿಕೆಗೆ ಮಾತ್ರ ಶಾಲೆಯಲ್ಲಿ ಬಹಳ ಬೆಲೆ. ಒಂದು ಗಲ್ಫ್ ಆಟಿಕೆ ಕೊಟ್ಟರೆ ಎದುರಿನವನು ತನ್ನ ಬಿಗ್ ಫನ್ ಕಟ್ಟನ್ನೇ ಮುಂದಿಡುತ್ತಿದ್ದ.

ಬದಿಯಡ್ಕ ಮೈದಾನ:

ಬಿಗ್ ಫನ್ ಎಂದು ಯಾರೋ ಬರೆದದ್ದು ನೋಡಿದರೆ ಸುಮ್ಮನಿರಲು ನನ್ನಿಂದ ಆಗುವುದಿಲ್ಲ.

1987ರಲ್ಲಿ ರಿಲಯನ್ಸ್ ಕಪ್ ಭಾರತ ಮತ್ತು ಪಾಕಿಸ್ತಾನದಲ್ಲಿ ನಡೆಯಿತು. ಇಂಗ್ಲೆಂಡಿನ ಹೊರಗೆ ನಡೆದ ಪುರುಷರ ಮೊದಲ ಕ್ರಿಕೆಟ್ ವಿಶ್ವಕಪ್ ಅದು. ಆ ಕಾಲದ ಗೂಡಂಗಡಿಯ ಗಾಜಿನ ಭರಣಿಯಲ್ಲಿ ಬಿಗ್ ಫನ್. ಹೊದಿಕೆ ಬಿಡಿಸಿದರೆ ಆಟಗಾರನ ಚಿತ್ರ, ಜೊತೆಗೆ ಇಷ್ಟು ರನ್ ಅಥವಾ ಇಷ್ಟು ವಿಕೆಟ್. ನಿಗದಿಯಾದಷ್ಟು ಕೂಡಿಸಿ ಕೊಟ್ಟರೆ ಬಹುಮಾನ. ಇದರಲ್ಲಿ ಮಕ್ಕಳಿಗೆ ಕಾಡುತ್ತಿದ್ದದ್ದು ವಿಕೆಟ್. ರನ್ ಎಲ್ಲರ ಬಳಿಯೂ ರಾಶಿ, ವಿಕೆಟ್ ಅಪರೂಪ. ಹಾಗಾಗಿ ನಮ್ಮ ಶಾಲೆಯಲ್ಲಿ ಒಂದು ವಿನಿಮಯ ದರವೇ ಹುಟ್ಟಿಕೊಂಡಿತ್ತು, ಅದು ವಾರಕ್ಕೊಮ್ಮೆ ಏರುತ್ತಿತ್ತು, ಇಳಿಯುತ್ತಿತ್ತು. ಅರ್ಥಶಾಸ್ತ್ರವನ್ನು ನಾನು ಮುಂದೆ ಕಾಲೇಜಿನಲ್ಲಿ ಓದಿದೆ, ಆದರೆ ಬೇಡಿಕೆ, ಪೂರೈಕೆ ಎಂದರೇನೆಂದು ತಿಳಿದದ್ದು ಆ ಜಗಲಿಯಲ್ಲಿ.

ಹಣ ಎಲ್ಲಿಂದ ಬರುತ್ತಿತ್ತು ಎಂಬುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಗುಡ್ಡಕ್ಕೆ ಹೋಗಿ ಗೇರುಬೀಜ ಹೆಕ್ಕುವುದು. ಹಣ್ಣು ಅಲ್ಲೇ ತಿಂದು, ಬೀಜವನ್ನು ಚಡ್ಡಿಯ ಕಿಸೆಗೆ ತುಂಬಿ ಜಿನಸಿನ ಅಂಗಡಿಗೆ ಹಾಕಿದರೆ ಚಿಲ್ಲರೆ ಕೈಗೆ. ವಿಷುವಿನ ಪಟಾಕಿಗೆ ಉಳಿಸಿದ್ದು ಹೋಗಿ ಮಿಕ್ಕಿದ್ದು ಬಬಲ್‌ಗಮ್ಮಿಗೆ. ಅಂಗಡಿಯವರು ತೂಕದ ತಟ್ಟೆಗೆ ಬೀಜ ಸುರಿದುಕೊಂಡು ನೇರವಾಗಿ ಬಬಲ್‌ಗಮ್ಮನ್ನೇ ಕೊಟ್ಟದ್ದೂ ಉಂಟು.

ನಮ್ಮ ಶಾಲೆಯಲ್ಲಿ ಕನ್ನಡ ಮಾಧ್ಯಮ ಮತ್ತು ಮಲಯಾಳ ಮಾಧ್ಯಮದ ತರಗತಿಗಳು ಒಂದೇ ಅಂಗಳದ ಎರಡು ಬದಿಯಲ್ಲಿದ್ದವು. ಪಾಠ ಬೇರೆ, ಮಾಸ್ತರರು ಬೇರೆ, ಪ್ರಾರ್ಥನೆಯ ಸಾಲು ಬೇರೆ. ಚೀಟಿಗಾಗಿ ಮಾತ್ರ ಎರಡೂ ಬದಿಯವರು ಅಂಗಳ ದಾಟುತ್ತಿದ್ದರು. ಮನೆಯಲ್ಲಿ ತುಳು, ಬ್ಯಾರಿ, ಮರಾಠಿ, ಕೊಂಕಣಿ ಏನೇ ಇರಲಿ, ಚೌಕಾಸಿ ನಡೆಯುತ್ತಿದ್ದದ್ದು ಎಲ್ಲ ಬೆರೆತ ಮಾತಿನಲ್ಲಿ. ಸಪ್ತ ಭಾಷೆಗಳ ನಾಡು ಎಂದು ಸಭೆಗಳಲ್ಲಿ ಹೇಳುತ್ತಾರಲ್ಲ, ನಾನು ಅದನ್ನು ಕಂಡದ್ದು ಹತ್ತೂಮುಕ್ಕಾಲರ ಬಿಡುವಿನಲ್ಲಿ. ಇವತ್ತಿಗೂ ನನ್ನ ಆಪ್ತ ಗೆಳೆಯ ಆ ಬದಿಯವನು. ನಮ್ಮ ಗೆಳೆತನ ಕಪಿಲ್ ದೇವ್ ಚೀಟಿಯೊಂದರಿಂದ ಶುರುವಾಯಿತು, ಕೊಟ್ಟವನು ಅವನು.

1999ರ ಹೊತ್ತಿಗೆ ನಾನು ದೊಡ್ಡವನಾಗಿದ್ದೆ, ಆದರೂ ಬ್ರಿಟಾನಿಯಾದ ‘ಖಾವೋ, ವರ್ಲ್ಡ್ ಕಪ್ ಜಾವೋ’ ಬಂದಾಗ ತಮ್ಮನ ಜೊತೆ ನಾನೂ ಬಿಸ್ಕತ್ತಿನ ಹೊದಿಕೆ ಹುಡುಕಿದೆ. ಹೊದಿಕೆಯ ಮೇಲಿನ ನೂರು ರನ್ ಕೂಡಿಸಿದರೆ, ಗೀರಿ ಬಹುಮಾನ ನೋಡುವ ಪುಸ್ತಿಕೆ. ಚಹಾದಂಗಡಿಯ ಹಿಂದಿನ ಕಸದ ಬುಟ್ಟಿಗೆ ಆಗ ಬಂದ ಗೌರವ ಮತ್ತೆ ಯಾವತ್ತೂ ಬರಲಿಲ್ಲ!

ಕುಂಬಳೆಯವ, ಈಗ ಬೆಂಗಳೂರು:

ಎಲ್ಲರೂ ಭಾವುಕರಾಗಿದ್ದೀರಿ, ಸಂತೋಷ. ಆದರೆ ಇದರಲ್ಲಿ ಹಣವೂ ಇದೆ ಎಂಬುದನ್ನು ಮರೆಯಬೇಡಿ. ಅಮೆರಿಕದಲ್ಲಿ 1909ರಿಂದ 1911ರವರೆಗೆ ಸಿಗರೇಟಿನ ಜೊತೆ ಬರುತ್ತಿದ್ದ ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಸಿಗರೇಟು ಮುರಿಯದಿರಲಿ ಎಂದು ಪೊಟ್ಟಣದಲ್ಲಿ ಇಡುತ್ತಿದ್ದ ರಟ್ಟಿನ ತುಂಡು ಅದು! ಬಿಗ್ ಫನ್ ಚೀಟಿಗಳಿಗೂ ಆನ್‌ಲೈನಿನಲ್ಲಿ ಕೊಳ್ಳುವವರಿದ್ದಾರೆ. ಅಟ್ಟದಲ್ಲಿ ಗೆದ್ದಲಿಗೆ ಕೊಡುವುದಕ್ಕಿಂತ ಮಾರುವುದು ಲೇಸು.

ನೀರ್ಚಾಲಿನವ:

ಮಾರುವವರು ಮಾರಲಿ, ತಪ್ಪೇನಿಲ್ಲ. ಆದರೆ ವ್ಯಾಗ್ನರ್ ಕಾರ್ಡಿಗೆ ಆ ಬೆಲೆ ಬಂದದ್ದು ಅದರ ಬಗ್ಗೆ ಎಲ್ಲವನ್ನೂ ಬರೆದಿಟ್ಟಿದ್ದರಿಂದ. ಯಾವ ಕಂಪನಿ, ಯಾವ ವರ್ಷ, ಯಾರ ಕೈಯಿಂದ ಯಾರ ಕೈಗೆ, ಎಲ್ಲ ದಾಖಲೆಯಾಗಿದೆ. ನಮ್ಮದರಲ್ಲಿ ಬರಹವೇ ಇಲ್ಲ. ಮಾರುವ ಮೊದಲು ಎರಡೂ ಬದಿಯ ಚಿತ್ರ ತೆಗೆದು ಇಲ್ಲಿ ಹಾಕಿರಿ, ಅಷ್ಟು ಸಾಕು.

ಹೊಸಂಗಡಿ:

ಕೇರಳದವರೆಂಬ ಕಾರಣಕ್ಕೆ ನಮಗೆ ಸಿಕ್ಕ ಒಂದು ವಸ್ತುವನ್ನು ಯಾರೂ ಹೇಳಲಿಲ್ಲವಲ್ಲ? ಲಾಟರಿ ಟಿಕೆಟ್! ಕೇರಳ ಸರಕಾರ 1967ರಲ್ಲಿ ಲಾಟರಿ ಆರಂಭಿಸಿತು, ಮೊದಲ ಡ್ರಾ 1968ರ ಜನವರಿ 26ರಂದು. ಟಿಕೆಟಿಗೆ ಒಂದು ರೂಪಾಯಿ, ಮೊದಲ ಬಹುಮಾನ 50 ಸಾವಿರ. ನಮ್ಮ ಕಾಲಕ್ಕೆ ಬಸ್ ನಿಲ್ದಾಣದಲ್ಲಿ ಫಲಿತಾಂಶ ನೋಡಿ ಎಸೆದ ಟಿಕೆಟುಗಳು ಬಣ್ಣಬಣ್ಣದವು, ಒಳ್ಳೆಯ ಕಾಗದ, ಹೂವು, ಆನೆ, ದೋಣಿಯ ಚಿತ್ರ. ನಾವು ಅದನ್ನು ಹೆಕ್ಕಿ ನೋಟಿನಂತೆ ಆಡುತ್ತಿದ್ದೆವು. ಗಡಿಯಾಚೆ ತಲಪಾಡಿಯ ಕಡೆಯ ನೆಂಟರ ಮಕ್ಕಳಿಗೆ ಅದು ದೊಡ್ಡ ಆಕರ್ಷಣೆ. ಅವರು ಮಂಗಳೂರಿನ ಸಿನಿಮಾ ಟಾಕೀಸಿನ ಫಿಲ್ಮ್ ತುಂಡು ತರುತ್ತಿದ್ದರು, ನಾವು ಲಾಟರಿ ಟಿಕೆಟು ಕೊಡುತ್ತಿದ್ದೆವು. ಫಿಲ್ಮ್ ತುಂಡನ್ನು ಕನ್ನಡಿಯ ಬಿಸಿಲಿಗೆ ಹಿಡಿದು, ನೀರು ತುಂಬಿದ ಹಳೆಯ ಬಲ್ಬಿನ ಮೂಲಕ ಅಪ್ಪನ ಬಿಳಿ ಪಂಚೆಯ ಮೇಲೆ ಬೀಳಿಸುವ ಸಿನಿಮಾ ನಿಮ್ಮಲ್ಲಿಯೂ ನಡೆದಿರಬೇಕು.

ಪೆರ್ಲದ ಅಕ್ಕ:

ನಡೆದಿತ್ತು. ಆ ಸಿನಿಮಾ ನೋಡಲು ಬಂದವರು ಟಿಕೆಟಿನ ಬದಲು ಚೀಟಿ ತೋರಿಸಿ ಒಳಗೆ ಬರಬೇಕಿತ್ತು. ಯಕ್ಷಗಾನ ಮೇಳದ ಜೀಪಿನಿಂದ ಎಸೆಯುತ್ತಿದ್ದ ಬಣ್ಣದ ನೋಟೀಸಿಗಾಗಿ ಓಡಿದವರೂ ಬರೆಯಿರಿ. ಉಪ್ಪಳದವರೇ, ನಮ್ಮಲ್ಲಿರುವ ಒಂಟೆ ಹಳದಿ.

ಮುಳ್ಳೇರಿಯ ನಿವೃತ್ತ ಮಾಸ್ತರ:

ಬೀಡಿ ಲೇಬಲ್ ಎಂದು ಶೀರ್ಷಿಕೆಯಲ್ಲಿದೆ, ಇಷ್ಟು ಹೊತ್ತಾದರೂ ಯಾರೂ ಅದನ್ನು ಮುಟ್ಟಲಿಲ್ಲ. ನನ್ನ ಸಂಗ್ರಹ ಮುಖ್ಯವಾಗಿ ಅದೇ.

ನಮ್ಮ ಬಾಲ್ಯದಲ್ಲಿ ಕ್ರಿಕೆಟ್ ಚೀಟಿ ಎಲ್ಲಿತ್ತು? ಸಿಗರೇಟು ಪ್ಯಾಕಿನ ಮುಖ, ಬೆಂಕಿಪೆಟ್ಟಿಗೆಯ ಚಿತ್ರ, ಬೀಡಿ ಕಟ್ಟಿನ ಲೇಬಲ್, ಇವೇ ನಮ್ಮ ಸಂಪತ್ತು. ನೆಲದಲ್ಲಿ ವೃತ್ತ ಬರೆದು ನಡುವೆ ಪ್ಯಾಕುಗಳನ್ನು ಇಟ್ಟು ಚಪ್ಪಟೆ ಕಲ್ಲಿನಿಂದ ಹೊರಗೆ ಹಾರಿಸಿದವನಿಗೆ ಪ್ಯಾಕು. ಚಾರ್ಮಿನಾರ್ ಅಗ್ಗ, ಪರದೇಶದ ಪ್ಯಾಕು ದುಬಾರಿ. ಬೆಂಕಿಪೆಟ್ಟಿಗೆಯ ಚಿತ್ರಗಳು ಹೆಚ್ಚಾಗಿ ಶಿವಕಾಶಿಯವು. ಅಲ್ಲಿನ ಇಬ್ಬರು 1920ರ ದಶಕದಲ್ಲಿ ಕಲ್ಕತ್ತೆಗೆ ಹೋಗಿ ಕೆಲಸ ಕಲಿತು ಬಂದು ಕಟ್ಟಿದ ಉದ್ಯಮ ಅದು.

ಬೀಡಿಯ ಕಥೆ ನಮ್ಮ ಜಿಲ್ಲೆಯ ಕಥೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಹೆಂಗಸರು ಮಡಿಲಲ್ಲಿ ತಡಪೆ ಇಟ್ಟುಕೊಂಡು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದರು. ಎಲೆ, ಹೊಗೆಸೊಪ್ಪು ಬೀಡಿ ಕಂಪನಿಯ ಬ್ರಾಂಚಿನಿಂದ ತರುವುದು, ಕಟ್ಟಿದ ಬೀಡಿ ಬ್ರಾಂಚಿಗೆ ಕೊಡುವುದು. ಲೇಬಲ್ ಅಂಟಿಸುವ ಕೆಲಸ ಮನೆಯಲ್ಲಿ ಇರಲಿಲ್ಲ, ಆದ್ದರಿಂದ ಬೀಡಿ ಕಟ್ಟುವವರ ಮಕ್ಕಳಿಗೂ ಲೇಬಲ್ ಸಿಗುತ್ತಿದ್ದದ್ದು ಗೂಡಂಗಡಿಯ ಮುಂದೆಯೇ. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾನೂನು ಬಂತು. ಕೇರಳ ಸರಕಾರ 1968ರಲ್ಲಿ ಅದನ್ನು ಜಾರಿಗೆ ತಂದಾಗ ಮಂಗಳೂರಿನ ದೊಡ್ಡ ಕಂಪನಿಗಳು ಇಲ್ಲಿನ ಘಟಕಗಳನ್ನು ಮುಚ್ಚಿದವು. ಸುಮಾರು 12 ಸಾವಿರ ಕಾರ್ಮಿಕರು ಕೆಲಸ ಕಳೆದುಕೊಂಡರು. ಮರುವರ್ಷ, 1969ರಲ್ಲಿ, ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಸಹಕಾರಿ ಸಂಘ ಹುಟ್ಟಿತು. ನನ್ನ ಪುಸ್ತಕದ ಒಂದು ಪುಟದಲ್ಲಿ ಮಂಗಳೂರಿನ ಗಣೇಶ, ಭಾರತ್ ಲೇಬಲ್‌ಗಳಿವೆ, ಎದುರು ಪುಟದಲ್ಲಿ ದಿನೇಶ್. ಆ ಎರಡು ಪುಟಗಳ ನಡುವೆ ಎಷ್ಟು ಮನೆಗಳ ಒಲೆ ಆರಿತ್ತು ಎಂಬುದನ್ನು ಕಂಡವನು ನಾನು. ಇದನ್ನೆಲ್ಲ ಹಳೆಯ ಕಾಗದ ಎಂದು ಗುಜರಿಗೆ ಹಾಕುವವರನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ.

ಇಸವಿ ಗುರುತಿಸಲು ವಿಳಾಸ ಓದಿರಿ. ಮಂಗಳೂರಿನ ಲೇಬಲಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಅದನ್ನು ಅಚ್ಚು ಹಾಕಿದ್ದು 1956ರ ನವೆಂಬರಿನಿಂದ 1973ರ ನವೆಂಬರಿನ ನಡುವೆ, ಏಕೆಂದರೆ ಆ ಮೇಲೆ ಕರ್ನಾಟಕ. ‘ಮದರಾಸು’ ಎಂದಿದ್ದರೆ ಇನ್ನೂ ಹಿಂದಿನದು. ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ಬೀಡಿ, ಸಿಗರೇಟಿನ ಪೊಟ್ಟಣದ ಮೇಲೆ ಎಚ್ಚರಿಕೆಯ ಚಿತ್ರ ಇದ್ದರೆ 2009ರ ಮೇ ಕೊನೆಯ ಆಚೆಗಿನದು. ಕುಸ್ತಿಯ ಕಾರ್ಡಿಗೂ ಇಂಥದೇ ಗುರುತು ಇದೆಯೆಂದು ನನ್ನ ಮೊಮ್ಮಗ ಹೇಳುತ್ತಾನೆ: ಅಮೆರಿಕದ ಕುಸ್ತಿ ಕಂಪನಿಯ ಹೆಸರು ಡಬ್ಲ್ಯುಡಬ್ಲ್ಯುಎಫ್ ಎಂದಿದ್ದರೆ 2002ಕ್ಕೆ ಮೊದಲಿನದು, ಡಬ್ಲ್ಯುಡಬ್ಲ್ಯುಇ ಎಂದಿದ್ದರೆ ಆ ಮೇಲಿನದು.

ಬಾಯಾರು ಪದವು:

ಮಾಸ್ತರರೇ, ನಿಮ್ಮ ಮೊಮ್ಮಗ ಹೇಳಿದ್ದು ಸರಿ. ಎತ್ತರ, ತೂಕ, ಎದೆ, ತೋಳು, ಆಡಿದ ಪಂದ್ಯ, ಗೆದ್ದ ಪಂದ್ಯ, ಈ ಅಂಕಿಗಳು ನಮಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿದ್ದವು. ಭಾರೀ ತೂಕದ ಕುಸ್ತಿಪಟು ಯೋಕೋಜುನಾನ ಕಾರ್ಡು ಕೈಗೆ ಬಂದರೆ ತೂಕವನ್ನೇ ಕೇಳಬೇಕು, ಬೇರೆ ಮಾತೇ ಇಲ್ಲ.

ಕುಂಬಳೆಯವ, ಈಗ ಬೆಂಗಳೂರು:

ಮಾಸ್ತರರ ಬರಹ ಓದಿದ ಮೇಲೆ ನಾನು ಮಾರಾಟದ ಮಾತನ್ನು ಮುಂದುವರಿಸುವುದಿಲ್ಲ. ಒಂದು ಪ್ರಶ್ನೆ ಮಾತ್ರ. ಆಲ್ಬಮ್ಮಿನಲ್ಲಿ ಇಟ್ಟ ನನ್ನ ಚೀಟಿಗಳು ಅಂಟಿಕೊಂಡಿವೆ, ಅಂಚು ಹಳದಿಯಾಗಿದೆ. ಲ್ಯಾಮಿನೇಷನ್ ಮಾಡಿಸಲೇ?

ಕಾಗದದ ಕೆಲಸ:

ಖಂಡಿತ ಬೇಡ! ನಾನು ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳ ರಕ್ಷಣೆಯ ಕೆಲಸ ಮಾಡುವವಳು, ಊರು ಪೈವಳಿಕೆ. ಲ್ಯಾಮಿನೇಷನ್ ಮಾಡಿದರೆ ಕಾಗದವನ್ನು ಮತ್ತೆ ಬಿಡಿಸಲು ಆಗುವುದಿಲ್ಲ, ಬಿಸಿಗೆ ಶಾಯಿಯೂ ಕೆಡಬಹುದು. ಮೆದು ಪಿವಿಸಿ ಆಲ್ಬಮ್ಮು ಇನ್ನೊಂದು ಶತ್ರು. ಅದರಿಂದ ಕಾಲಕ್ರಮೇಣ ಜಿಡ್ಡು ಮತ್ತು ಆಮ್ಲ ಹೊರಬಂದು ಚಿತ್ರವನ್ನು ಹಿಡಿಯುತ್ತದೆ, ನಿಮ್ಮ ಚೀಟಿಗಳು ಅಂಟಿಕೊಂಡದ್ದು ಬಹುಶಃ ಇದರಿಂದಲೇ. ಪಾಲಿಯೆಸ್ಟರ್ ಹಾಳೆಯ ಕಿಸೆ ತೆಗೆದುಕೊಳ್ಳಿ. ಅದು ಸಿಗದಿದ್ದರೆ ಆಮ್ಲವಿಲ್ಲದ ಬಿಳಿ ಕಾಗದದ ಲಕೋಟೆ ಸಾಕು. ಸೆಲೋಟೇಪ್ ಹತ್ತಿರಕ್ಕೂ ತರಬೇಡಿ.

ನಮ್ಮ ಊರಿನ ನಿಜವಾದ ತೊಂದರೆ ಮಳೆಗಾಲ. ಆಟಿ ತಿಂಗಳಲ್ಲಿ ಗೋಡೆಯೇ ಬೆವರುತ್ತದೆ. ಟ್ರಂಕನ್ನು ಗೋಡೆಗೆ ತಾಗಿಸಬೇಡಿ, ನೆಲದಿಂದ ಎತ್ತರಿಸಿ ಇಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಮಳೆ ನಿಂತ ಮೇಲೆ ತೆರೆದು ನೆರಳಿನಲ್ಲಿ ಗಾಳಿಯಾಡಿಸಿ. ಬಿಸಿಲಿಗೆ ಹರಡಿದರೆ ಬಣ್ಣ ಹೋಗುತ್ತದೆ. ಪೆರ್ಲದ ಅಕ್ಕನಿಗೆ ಮತ್ತು ಉಪ್ಪಳದವರಿಗೆ ವಿಶೇಷವಾಗಿ ಹೇಳುತ್ತೇನೆ: ಬಿನಾಕಾ ಪ್ರಾಣಿಗಳಿರುವ ಡಬ್ಬಿಗೆ ನುಸಿಗುಳಿಗೆ ಹಾಕಬೇಡಿ. ನ್ಯಾಫ್ತಲೀನ್ ಆವಿ ಕೆಲವು ಹಳೆಯ ಪ್ಲಾಸ್ಟಿಕ್‌ಗಳನ್ನು ಮೆತ್ತಗಾಗಿಸಿ ಒಂದಕ್ಕೊಂದು ಅಂಟಿಸಿಬಿಡುತ್ತದೆ.

ನೀರ್ಚಾಲಿನ ಅಣ್ಣ ಕೇಳಿದ ಊರು, ಅಂಗಡಿ, ಕೊಟ್ಟವರ ಹೆಸರನ್ನು ಚೀಟಿಯ ಹಿಂಬದಿಗೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ. ಬೇರೆ ಕಾಗದದಲ್ಲಿ ಪೆನ್ಸಿಲಿನಿಂದ ಬರೆದು ಲಕೋಟೆಯೊಳಗೆ ಇಡಿ.

ಬಾಯಾರು ಪದವು:

ನನ್ನ ಮಗನಿಗೆ ಈಗ ಪೋಕೆಮಾನ್ ಕಾರ್ಡುಗಳ ಹುಚ್ಚು. ಶಾಲೆಯಲ್ಲಿ ಬದಲಾಯಿಸಿಕೊಂಡು ಬರುತ್ತಾನೆ. ಅವನ ಅಮ್ಮ ಬೈಯುತ್ತಾಳೆ, ನನಗೆ ಬೈಯಲು ಮನಸ್ಸು ಬರುವುದಿಲ್ಲ. ಆದರೆ ಒಂದು ವಿಷಯದಲ್ಲಿ ನನಗೆ ನಿಮ್ಮೆಲ್ಲರ ಜೊತೆ ಭಿನ್ನಾಭಿಪ್ರಾಯ ಇದೆ. ಪಾಲಿಯೆಸ್ಟರ್ ಕಿಸೆಯಲ್ಲಿ ಇಟ್ಟ ಕಾರ್ಡಿನಲ್ಲಿ ಆಡುವುದು ಹೇಗೆ? ಮೂಲೆ ಮಡಚಿದ, ಬೆವರಿನ ಕಲೆ ಇರುವ ಚೀಟಿಯೇ ನಿಜವಾದ ಚೀಟಿ. ಮಕ್ಕಳಿಗೆ ಕೊಟ್ಟುಬಿಡಿ, ಆಡಲಿ.

ಬದಿಯಡ್ಕ ಮೈದಾನ:

ಎರಡು ಇದ್ದದ್ದನ್ನು ಕೊಡೋಣ ಭಾವ, ಒಂದೇ ಇರುವುದನ್ನು ಬೇಡ. ಈಗಿನ ಕಾರ್ಡು ಅಂಗಡಿಯಲ್ಲಿ ಮತ್ತೆ ಸಿಗುತ್ತದೆ, ಬಿಗ್ ಫನ್ ಎಲ್ಲಿ ಸಿಗುತ್ತದೆ?

ಉಪ್ಪಳ ಗೇಟ್:

ಮಾಸ್ತರರೇ, ನಿಮ್ಮ ಸಹಾಯ ಬೇಕು. ಅಜ್ಜನ ಎಲೆಅಡಿಕೆ ಪೆಟ್ಟಿಗೆಯಲ್ಲಿ ಒಂದು ಬೀಡಿ ಲೇಬಲ್ ಸಿಕ್ಕಿದೆ. ನವಿಲಿನ ಚಿತ್ರ, ಕೆಂಪು ಅಂಚು. ಕಂಪನಿಯ ಹೆಸರಿನ ಭಾಗ ಹರಿದಿದೆ. ಕೆಳಗೆ ಕನ್ನಡದಲ್ಲಿ ‘ಕಾಸರಗೋಡು’, ಅದರ ಪಕ್ಕ ಇಂಗ್ಲಿಷಿನಲ್ಲಿ ‘ಕ್ಯಾನನೋರ್ ಡಿಸ್ಟ್ರಿಕ್ಟ್’. ಪಿನ್ ಕೋಡ್ ಇಲ್ಲ.

ಮುಳ್ಳೇರಿಯ ನಿವೃತ್ತ ಮಾಸ್ತರ:

ಬಹಳ ಒಳ್ಳೆಯ ವಸ್ತು ಸಿಕ್ಕಿದೆ. ಕಣ್ಣೂರು ಜಿಲ್ಲೆ ಆದದ್ದು 1957ರ ಜನವರಿ 1ರಂದು, ಕಾಸರಗೋಡು ಅದರಿಂದ ಬೇರೆಯಾಗಿ ಜಿಲ್ಲೆಯಾದದ್ದು 1984ರ ಮೇ 24ರಂದು. ಈ ಎರಡರ ನಡುವೆ ಎಂಬುದು ಖಚಿತ. ಪಿನ್ ಕೋಡ್ ಇಲ್ಲದಿರುವುದರಿಂದ 1972ಕ್ಕೆ ಮೊದಲಿನದಿರಬಹುದು, ಆದರೆ ಆ ಮೇಲೂ ಕೆಲವರು ಅದನ್ನು ಹಾಕುತ್ತಿರಲಿಲ್ಲ, ಹಾಗಾಗಿ ಅದನ್ನೇ ನಂಬಬೇಡಿ. ಕಾಸರಗೋಡಿನಲ್ಲೇ ಲೇಬಲ್ ಹಾಕಿದ ಸಣ್ಣ ಕಂಪನಿ, ಅದೂ ಕನ್ನಡದಲ್ಲಿ. ನನ್ನ ಪುಸ್ತಕದಲ್ಲಿ ಇಂಥದ್ದು ಇಲ್ಲ. ಬೆಲೆ ಪೈಸೆಯಲ್ಲಿದೆಯೇ, ನಯಾ ಪೈಸೆಯಲ್ಲಿದೆಯೇ ನೋಡಿ. ನಯಾ ಪೈಸೆ ಎಂದಿದ್ದರೆ 1964ರ ಒಳಗಿನದು. ಅಚ್ಚಿನ ಮನೆಯ ಹೆಸರು ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ, ಭೂತಗನ್ನಡಿಯಲ್ಲಿ ಓದಿ. ಅಜ್ಜ ಯಾವ ಅಂಗಡಿಯಿಂದ ಬೀಡಿ ತರುತ್ತಿದ್ದರು ಎಂದು ನಿಮ್ಮ ಮನೆಯ ಹಿರಿಯರನ್ನು ಕೇಳಿ ಬರೆಯಿರಿ.

ಉಪ್ಪಳ ಗೇಟ್:

ನಯಾ ಪೈಸೆ ಎಂದೇ ಇದೆ! ಉಮ್ಮನನ್ನು ಕೇಳಿದೆ, ಬಂದ್ಯೋಡಿನ ರೈಲು ಹಳಿಯ ಪಕ್ಕದ ಗೂಡಂಗಡಿ ಎನ್ನುತ್ತಾರೆ. ಎರಡೂ ಬದಿಯ ಚಿತ್ರವನ್ನು ನಾಳೆ ಹಗಲು ಬೆಳಕಿನಲ್ಲಿ ತೆಗೆದು ಹಾಕುತ್ತೇನೆ. ಪೆರ್ಲದ ಅಕ್ಕಾ, ನಿಮ್ಮ ಹಳದಿ ಒಂಟೆಗೆ ನನ್ನ ಹಸಿರು ಒಂಟೆ ಬದಲಿಗೆ ಕೊಡಲೇ?

ಪೆರ್ಲದ ಅಕ್ಕ:

ಹಳದಿ ಒಂಟೆ ನನ್ನ ತಂಗಿಯ ಪಾಲಿನದು, ಅವಳು ಕೊಡುವುದಿಲ್ಲ. ಮೊಲ ಎರಡಿದೆ, ಅದಕ್ಕಾದರೆ ಒಪ್ಪಿಗೆ.